ಗ್ಲೆನಿಸ್ ರಡ್‌ಳ ಚೀಟಿ ಡಬ್ಬ

ಗ್ಲೆನಿಸ್ ರಡ್ ನಮ್ಮ ಶಾಲೆಗೆ ಬಂದದ್ದು ಹೊಲಿಗೆ ಟೀಚರಾಗಿ. ಹೊಲಿಗೆ ಯಂತ್ರಗಳನ್ನು ಮಾರಿ ಆ ಕೋಣೆಯಲ್ಲಿ ಕಂಪ್ಯೂಟರ್ ಕೂರಿಸಿದ ವರ್ಷ, ಯಾರಿಗೂ ಬೇಡವಾಗಿದ್ದ ಒಂದು ಪಾಠ ಅವಳ ಪಾಲಿಗೆ ಬಿತ್ತು. ವೇಳಾಪಟ್ಟಿಯಲ್ಲಿ ಅದರ ಹೆಸರು ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣ. ಶುಕ್ರವಾರದ ಕೊನೆಯ ಪಿರಿಯಡ್. ಗಣಿತದವರಿಗೆ ಹೊತ್ತು ಸಾಲದಿದ್ದರೆ ಮೊದಲು ಕಿತ್ತುಕೊಳ್ಳುತ್ತಿದ್ದದ್ದು ಅದನ್ನೇ.

ಮುಟ್ಟು, ಕುಡಿತ, ಒಲ್ಲದ್ದಕ್ಕೆ ಬೇಡ ಅನ್ನುವ ಬಗೆ, ಇವನ್ನೆಲ್ಲ ಹದಿನಾಲ್ಕರ ಮಕ್ಕಳೆದುರು ಮಾತಾಡಬೇಕೆಂದರೆ ಉಳಿದ ಮೇಷ್ಟ್ರುಗಳ ಕಿವಿ ಕೆಂಪಾಗುತ್ತಿತ್ತು. ಗ್ಲೆನಿಸ್‌ಗೆ ಆ ಕಾಟವಿರಲಿಲ್ಲ. ಅವಳ ಅಮ್ಮ ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ ದಿನವಿಡೀ ಮೀನು ಸೀಳಿ, ಮನೆಗೆ ಬಂದು ಅದೇ ಕೈಯಲ್ಲಿ ಮನೆಯ ಗಂಡಸರಿಗೆ ಮೀನು ಕರಿದವಳು. ಎರಡನೆಯದನ್ನು ಯಾರಾದರೂ ಕೆಲಸ ಎಂದು ಕರೆದದ್ದನ್ನು ಗ್ಲೆನಿಸ್ ಕೇಳಿರಲಿಲ್ಲ.

ಅವಳ ಮೇಜಿನ ಮೇಲೆ ಒಂದು ಶೂ ಡಬ್ಬ ಇರುತ್ತಿತ್ತು. ಬಾಯಿಬಿಟ್ಟು ಕೇಳಲಾಗದ್ದನ್ನು ಮಕ್ಕಳು ಚೀಟಿಯಲ್ಲಿ ಬರೆದು ಹಾಕಬೇಕು, ಹೆಸರು ಬೇಡ. ಯಾರಿಗಾದರೂ ಏಟು ಬೀಳುತ್ತಿದ್ದರೆ ಮಾತ್ರ ತಾನು ಸುಮ್ಮನಿರುವುದಿಲ್ಲ, ಉಳಿದಂತೆ ಬರೆದವರು ಯಾರೆಂಬುದು ಈ ಡಬ್ಬದಾಚೆ ಹೋಗುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಟ್ಟಿದ್ದಳು.

ಫೆಬ್ರುವರಿಯ ಒಂದು ಶುಕ್ರವಾರ ಒಂಬತ್ತನೆಯ ತರಗತಿಯ ಡಬ್ಬದಿಂದ ಬಂದ ಚೀಟಿ ಹೀಗಿತ್ತು: ‘ಅಮ್ಮ ಸಂಜೆ ಪಾಳಿಗೆ ಫ್ಯಾಕ್ಟರಿಗೆ ಹೋಗ್ತಾಳೆ. ಅಣ್ಣ ತಿಂದ ತಟ್ಟೆ ನಾನೇ ಯಾಕೆ ತೊಳೀಬೇಕು?’

ಅದನ್ನು ತರಗತಿಗೆ ಓದಿ ಹೇಳಿ, ತೊಳೆಯಬೇಕಾಗಿಲ್ಲ ಎಂದಳು ಗ್ಲೆನಿಸ್. ಅಣ್ಣನಿಗೂ ಎರಡು ಕೈಯಿವೆ, ಮನೆಯಲ್ಲಿ ಹಾಗೆಂದು ಹೇಳಿ ಎಂದಳು.

ಸೋಮವಾರ ಬೆಳಿಗ್ಗೆ ಶಾಲೆಯ ಕಚೇರಿಯಲ್ಲಿ ಫೋನ್ ಎತ್ತಿದವಳು ನಾನು. ಮಗಳು ಎರಡು ದಿನದಿಂದ ಪಾತ್ರೆ ಮುಟ್ಟಿಲ್ಲ, ಮನೆಯ ಮಾನ ತರಗತಿಯಲ್ಲಿ ಹರಾಜಾಗಿದೆ ಎಂದು ಒಬ್ಬ ಅಪ್ಪ ಕೂಗಾಡಿದ. ಆ ಚೀಟಿ ತನ್ನ ಮಗಳದೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಹತ್ತು ನಿಮಿಷಕ್ಕೆ ಇನ್ನೊಬ್ಬನ ಫೋನ್, ಅವನಿಗೂ ಅನುಮಾನವಿಲ್ಲ. ಊಟದ ಬಿಡುವಿನ ಹೊತ್ತಿಗೆ ಏಳು ಮನೆಯವರು ಒಂದೇ ಚೀಟಿಯನ್ನು ತಮ್ಮ ಮನೆಯದೆಂದು ಹೇಳಿದ್ದರು. ಅವರಲ್ಲಿ ಇಬ್ಬರು ಅಮ್ಮಂದಿರು.

ನಮ್ಮ ಹೆಡ್‌ಮಾಸ್ಟರ್ ಫ್ಯಾರೋ ಅವರಿಗೆ ನಗು ಬರಲಿಲ್ಲ. ಮೊದಲು ಫೋನ್ ಮಾಡಿದವನು ಶಾಲೆಯ ಆಡಳಿತ ಸಮಿತಿಯಲ್ಲಿದ್ದ. ಬರೆದವರನ್ನು ಪತ್ತೆ ಹಚ್ಚಿ, ಆ ಒಂದು ಮನೆಗೆ ಕ್ಷಮಾಪಣೆ ಕಳಿಸಿ ಮುಗಿಸೋಣ ಎಂದರು. ಹೆಸರು ಹೇಳುವುದಿಲ್ಲ ಎಂದಳು ಗ್ಲೆನಿಸ್. ಹಾಗಾದರೆ ಮಧ್ಯಾಹ್ನ ಮೂರಕ್ಕೆ ಚೀಟಿಯನ್ನು ತಂದೊಪ್ಪಿಸಬೇಕು, ಅಕ್ಷರ ತಾಳೆ ನೋಡುತ್ತೇನೆ, ಇಲ್ಲವಾದರೆ ಆ ಪಾಠ ಇನ್ನು ನಿಮ್ಮದಲ್ಲ ಎಂದರು. ಇಡೀ ತರಗತಿಯ ಇಪ್ಪತ್ತೆಂಟು ನೋಟ್‌ಪುಸ್ತಕಗಳನ್ನು ತರಿಸಿ ನನ್ನ ಮೇಜಿನ ಮೇಲೆ ಪೇರಿಸಿದರು.

ಮೂರಕ್ಕೆ ಹತ್ತು ನಿಮಿಷವಿರುವಾಗ ಗ್ಲೆನಿಸ್ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಕಾಗದ ಚೂರು ಮಾಡುವ ಯಂತ್ರ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು.

"ಆ ಯಂತ್ರ ಹಾಕೇ" ಎಂದಳು.

"ಪಾಠ ಹೋಗುತ್ತೆ ಕಣೇ."

"ಹೋಗ್ಲಿ. ಆ ಮಗು ಇವತ್ತು ಸಂಜೆ ಮನೆಗೆ ಹೋಗ್ಬೇಕಲ್ಲ."

ನಾನು ಗುಂಡಿ ಒತ್ತಿದೆ. ಅವಳು ಒಂದೊಂದೇ ಚೀಟಿಯನ್ನು ಯಂತ್ರದ ಬಾಯಿಗಿಟ್ಟಳು, ಅವಸರವಿಲ್ಲದೆ, ಬಟ್ಟೆಯನ್ನು ಹೊಲಿಗೆ ಸೂಜಿಯಡಿ ಸರಿಸುವವರ ಹಾಗೆ. ತಟ್ಟೆಯ ಚೀಟಿ ನನ್ನ ಕಣ್ಣೆದುರೇ ಹೋಯಿತು. ಹಾಜರಿ, ರಜಾ ಚೀಟಿ ಎಂದು ಮಕ್ಕಳ ಬರವಣಿಗೆಯನ್ನು ದಿನವೂ ನೋಡುವವಳು ನಾನು. ಅಕ್ಷರ ಯಾರದೆಂದು ಗೊತ್ತಾಯಿತು.

ಸದ್ದು ಕೇಳಿ ಫ್ಯಾರೋ ಹೊರಗೆ ಬಂದರು.

"ಆ ಹುಡುಗಿ ಯಾರು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಮಿಸೆಸ್ ರಡ್."

"ಹುಡುಗಿ ಅಂತ ಅದ್ರಲ್ಲಿ ಎಲ್ಲಿ ಬರೆದಿತ್ತು ಸರ್?"

ಅವರು ನನ್ನ ಕಡೆ ತಿರುಗಿ, ನೀವು ಓದಿದಿರಾ ಎಂದು ಕೇಳಿದರು. ಇಲ್ಲ ಎಂದೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳು. ನಾಲಿಗೆ ತಡವರಿಸಲಿಲ್ಲ.

ಈಸ್ಟರ್ ರಜೆ ಮುಗಿದ ಮೇಲೆ ಶುಕ್ರವಾರದ ಆ ಪಿರಿಯಡ್ ಭೂಗೋಳದವನಿಗೆ ಹೋಯಿತು. ಅಚ್ಚು ಹಾಕಿದ ಹಾಳೆ ಹಂಚಿ ಕೂರುತ್ತಾನಂತೆ. ಮಕ್ಕಳು ಊಟದ ಬಿಡುವಿನಲ್ಲಿ ಗ್ಲೆನಿಸ್‌ಳನ್ನು ಹುಡುಕಿಕೊಂಡು ಬರುತ್ತಾರೆ. ಅವಳು ಸ್ಯಾಂಡ್‌ವಿಚ್ ತಿನ್ನುತ್ತ ಉತ್ತರ ಕೊಡುತ್ತಾಳೆ. ಫ್ಯಾರೋ ಅದನ್ನೂ ನಿಲ್ಲಿಸಬೇಕೆಂದು ಎರಡು ಸಲ ಕಾಗದ ಕಳಿಸಿದ್ದಾರೆ. ಎರಡನ್ನೂ ಟೈಪ್ ಮಾಡಿದವಳು ನಾನೇ. ಅವಳು ಇನ್ನೂ ಉತ್ತರಿಸಿಲ್ಲ.

ಚೀಟಿಗಳು ಚೂರಾದ ಆ ಮಧ್ಯಾಹ್ನ ಮಾತ್ರ ಫ್ಯಾರೋ ನೋಟ್‌ಪುಸ್ತಕಗಳತ್ತ ಕೈ ತೋರಿಸಿ, ಇವನ್ನು ವಾಪಸ್ ತರಗತಿಗೆ ಮುಟ್ಟಿಸಿಬಿಡಿ ಎಂದು ನಮ್ಮಿಬ್ಬರಿಗೂ ಸೇರಿಸಿ ಹೇಳಿದರು. ನಾನು ಅಭ್ಯಾಸಬಲದಿಂದ ಎದ್ದೆ. ಗ್ಲೆನಿಸ್ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದಳು.

"ತರಿಸಿದ್ದು ನೀವು ಸರ್. ಕೊಂಡೊಯ್ಯೋದೂ ನಿಮ್ಮದೇ."

ತರಗತಿಯಿದ್ದದ್ದು ಎರಡನೆಯ ಮಹಡಿಯಲ್ಲಿ. ಅವರು ಎರಡು ಸಲ ಮೆಟ್ಟಿಲು ಹತ್ತಿ ಇಳಿಯಬೇಕಾಯಿತು.