ತೊಂಬತ್ತೊಂಬತ್ತನೆಯ ಸಿಗ್ನಲ್

ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟರೆ ಮೈಬೂಬ್ ಸರ್ ಹುಬ್ಬು ಗಂಟಿಕ್ಕುತ್ತಿದ್ದರು. ಗಂಗಾವತಿಯ ಕಾಲೇಜೊಂದರಲ್ಲಿ ಅವರು ಕಂಪ್ಯೂಟರ್ ಮೇಷ್ಟ್ರು. ನಾನು ಅವರ ಕೈಕೆಳಗೆ ಲ್ಯಾಬ್ ನೋಡಿಕೊಳ್ಳುತ್ತಿದ್ದವನು. ಏನನ್ನೇ ಓಡಿಸುವ ಮೊದಲು, ಬರಬೇಕಾದ ಉತ್ತರವನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಕೀಬೋರ್ಡ್ ಮುಟ್ಟಗೊಡುತ್ತಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಇಬ್ಬರೂ ಸೇರಿ ಸಣ್ಣ ಕಮಾಂಡ್ ಒಂದನ್ನು ಬರೆದೆವು. ಓಡುತ್ತಿದ್ದ ಪ್ರೋಗ್ರಾಂ ಸತ್ತರೆ, ಅದಕ್ಕೆ ಯಾವ ಸಿಗ್ನಲ್, ಅಂದರೆ ನಿಲ್ಲಿಸುವ ಯಾವ ನಂಬರಿನ ಸೂಚನೆ, ಬಡಿಯಿತೆಂದು ನಮ್ಮ ಕಮಾಂಡ್ ಹೇಳಬೇಕು. ಹದಿನೈದು ಬಂದರೆ ಮುಗಿಸೆಂದು ಹೇಳಿ ನಿಲ್ಲಿಸಿದ್ದು, ಒಂಬತ್ತು ಬಂದರೆ ಹೇಳದೆ ಕೊಂದದ್ದು, ಹೀಗೆ. ಇಡೀ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲವೂ ಸರಿ ಬಂತು. ಚಹಾ ತರಿಸೋಣವೇ ಎಂದೆ. ಸರ್ ಕೀಬೋರ್ಡಿನಲ್ಲಿ ತೊಂಬತ್ತೊಂಬತ್ತು ಎಂದು ಒತ್ತಿದರು. ಅಂಥ ಸಿಗ್ನಲ್ಲೇ ಇಲ್ಲ. ನಮ್ಮ ಕಮಾಂಡ್ ನಾಚಿಕೆಯಿಲ್ಲದೆ ಅದಕ್ಕೂ ಒಂದು ಹೆಸರು ಹೇಳಿತು.

"ಇಲ್ಲದ್ದಕ್ಕ ಇಲ್ಲ ಅನ್ನಾಕ ಬರಂಗಿಲ್ಲಂದ್ರ, ಇದರ ಹೌದು ತಗೊಂಡು ಏನ್ ಮಾಡ್ತಿ? ಮೊದಲ ಸುಳ್ಳ ಕೇಳಿ ನೋಡಬೇಕು" ಎಂದರು ಸರ್.

ಮೂರು ದಿನದ ಕೆಲಸ ನೀರುಪಾಲಾಯಿತೆಂದು ನನಗೆ ಸಿಟ್ಟು ಬಂದಿತ್ತು. ಆದರೂ ಅವರ ಪಾಠ ಮೈಗೆ ಹತ್ತಿಬಿಟ್ಟಿತು. ಹತ್ತಬಾರದಿತ್ತು ಎಂದು ಈಗ ಅನಿಸುತ್ತದೆ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಕೊಪ್ಪಳದ ಆಸ್ಪತ್ರೆಗೆ ನಾನು ಹೋದಾಗ ಮಾತು ನಿಂತಿತ್ತು, ಬಲಗೈ ಬೆರಳು ಮಾತ್ರ ಆಡುತ್ತಿತ್ತು. ಅವರಿಗೆ ಅರಿವಿದೆಯೋ ಇಲ್ಲವೋ, ಡಾಕ್ಟರೂ ಹೇಳುತ್ತಿರಲಿಲ್ಲ. ಅವರ ಹೆಂಡತಿ ಬೀಬಿಜಾನ್ ಅಮ್ಮ ಒಂದು ಉಪಾಯ ಮಾಡಿಕೊಂಡಿದ್ದರು. ಸರ್ ಹೌದಾದರೆ ಕೈಯನ್ನು ಒಂದು ಸಲ ಒತ್ತಬೇಕು, ಇಲ್ಲವಾದರೆ ಎರಡು ಸಲ. ನೀರು ಬೇಕೇ ಎಂದು ಕೇಳಿದರು, ಒಂದು. ತಾನು ಯಾರೆಂದು ಗೊತ್ತೇ ಎಂದು ಕೇಳಿದರು, ಒಂದು.

"ಎಲ್ಲಾ ತಿಳೀತೈತಿ ನೋಡಪ್ಪ ಅವರಿಗೆ" ಎಂದರು ಅಮ್ಮ. ಮುಖದ ತುಂಬ ನಗು.

ಅವರು ಔಷಧಿ ತರಲು ಹೋದಾಗ ಸರ್ ಕೈ ಹಿಡಿದೆ. "ಸರ್, ಇದು ಕುಷ್ಟಗಿ ಊರೇನ್ರಿ?"

ಎರಡು ಸಲ ಒತ್ತಲಿ ಎಂದು ದೇವರನ್ನು ಬೇಡಿಕೊಂಡೆ. ಒಂದು. ನಿಮ್ಮ ಹೆಸರು ಬಸವರಾಜನೇ ಎಂದೆ. ಒಂದು. ಏನೂ ಕೇಳದೆ ಸುಮ್ಮನೆ ಕೂತೆ. ಆಗಲೂ ಒಂದು. ನನ್ನ ಎದೆಯೊಳಗಿದ್ದ ಆಸೆಯೆಲ್ಲ ಅಲ್ಲಿಗೆ ಮುಗಿಯಿತು. ಅದೇ ನಮ್ಮ ಕೊನೆಯ ಭೇಟಿ.

ಅಮ್ಮ ಬಂದು, "ನಿನ್ನ ಗುರ್ತ ಹಿಡಿದ್ರೇನಪ್ಪ?" ಎಂದರು.

"ಹಿಡಿದ್ರಿ ಅಮ್ಮಾ."

ಅವರು ಆ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, ನಾಳೆ ಮನೆಗೆ ಹೋಗೋಣವೇ ಎಂದು ಕೇಳತೊಡಗಿದರು.