ಮನಸ್ಸಿನ ಮೇಷ್ಟ್ರ ಎರಡು ಕುರ್ಚಿ

ನಾನು ಕಸ ಗುಡಿಸುವ ಆಟದ ಮೈದಾನದಲ್ಲಿ ಒಬ್ಬರು ಮನಸ್ಸಿನ ಮೇಷ್ಟ್ರು ಇದ್ದಾರೆ. ಆಟಗಾರರ ಮೊಣಕಾಲು ನೋಡುವುದಕ್ಕೆ ಡಾಕ್ಟರು ಇರುವ ಹಾಗೆ ಅವರ ಹೆದರಿಕೆ ನೋಡುವುದಕ್ಕೆ ಇವರು. ಡಾಕ್ಟರಿಗೆ ಕೋಣೆ ಇದೆ, ಹುಲ್ಲು ಕತ್ತರಿಸುವ ಯಂತ್ರಕ್ಕೂ ಕೋಣೆ ಇದೆ. ಮೇಷ್ಟ್ರಿಗೆ ಚೆಂಡು, ಬಲೆ ತುಂಬಿದ ಉಗ್ರಾಣದ ಮೂಲೆಯಲ್ಲಿ ಎರಡು ಮಡಚುವ ಕುರ್ಚಿ. ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ ಆಟಗಾರರದು, ಅಳುವವರ ಮುಖ ಹೊರಗೆ ಕಾಣಬಾರದು ಅಂತ. ನಮ್ಮ ಯಜಮಾನರು ತೀರಿಕೊಂಡ ತಿಂಗಳು ನಾನೂ ಅದರಲ್ಲಿ ಕೂತಿದ್ದೇನೆ. ಯಾರು ಬಂದರೂ ಮೇಷ್ಟ್ರು “ಉಸಿರು ಬಿಡು, ಪೂರ್ತಿ ಬಿಡು” ಅನ್ನುತ್ತಾರೆ. ತಾವು ಮಾತ್ರ ಮೂರು ತಿಂಗಳಿಗೊಮ್ಮೆ, ಕೆಲಸ ಮುಂದುವರಿಸುವ ಕಾಗದ ಬರುವ ತನಕ, ಉಸಿರು ಬಿಗಿಹಿಡಿದೇ ಓಡಾಡುತ್ತಾರೆ. “ಯಾರ್ಯಾರಿಗೆ ಗುಣ ಆಯ್ತು, ಹೆಸರು ಬರ್ಕೊಡಿ” ಎಂದು ಕಚೇರಿಯವರು ಕೊಟ್ಟ ಹಾಳೆಯನ್ನು ಖಾಲಿಯೇ ಹಿಂದಿರುಗಿಸುತ್ತಾರೆ. “ನನ್ನ ನಂಬಿ ಹೇಳ್ಕೊಂಡಿದ್ದು ಅಜ್ಜಿ, ಹೆಂಗೆ ಬರೀಲಿ?” ಎಂದು ನನ್ನನ್ನೇ ಕೇಳುತ್ತಾರೆ. ಮೊನ್ನೆ ಪಂದ್ಯ ಗೆಲ್ಲಿಸಿದ ಗೋಲು ಕಾಯುವ ಹುಡುಗಿ ಡಾಕ್ಟರನ್ನು ತಬ್ಬಿದಳು, ಬಟ್ಟೆ ಒಗೆಯುವಾಕೆಯನ್ನೂ ತಬ್ಬಿದಳು, ತಿಂಗಳಿಡೀ ಆ ಕುರ್ಚಿಯಲ್ಲಿ ಅತ್ತವಳು ಮೇಷ್ಟ್ರ ಮುಂದೆ ಗುರುತೇ ಇಲ್ಲದವಳಂತೆ ಹೋದಳು. ನನಗೆ ಮೈಯೆಲ್ಲ ಉರಿಯಿತು. “ಅವಳಿಗೆ ಗುಣ ಮಾಡಿದ್ದು ನೀವು ಅಂತ ಆಫೀಸಿಗೆ ಹೋಗಿ ನಾನೇ ಹೇಳ್ತೀನಿ” ಎಂದೆ. “ಬೇಡ ಅಜ್ಜಿ. ನನ್ನ ಮರೆತಳು ಅಂದ್ರೆ ವಾಸಿಯಾಗಿದಾಳೆ ಅಂತ” ಎಂದು ನಕ್ಕರು. ಇವತ್ತಿಗೆ ಮೂರು ತಿಂಗಳು ಮುಗಿಯಿತು, ಕಾಗದ ಬಂದಿಲ್ಲ. ಕುರ್ಚಿಗಳನ್ನು ತೆಗೆದುಕೊಂಡು ಹೋಗಲು ಕಚೇರಿಯಿಂದ ಆಳು ಬಂದಿದ್ದಾನೆ. ಎರಡು ಸಲ ಒರೆಸಿದ ನೆಲವನ್ನೇ ಮತ್ತೆ ಒರೆಸಿ, “ನೆಲ ಒದ್ದೆ ಇದೆ, ಕಾಲಿಡಬೇಡ” ಎಂದು ನಾನು ಬಾಗಿಲಲ್ಲೇ ನಿಂತಿದ್ದೇನೆ.