ಶೀಘ್ರಲಿಪಿ ನಿಂತ ಏಳು ನಿಮಿಷ

ಬೆಳಗಿನ ಐದೂವರೆ. ಕಿತಾಸೆಂಜು ಬಡಾವಣೆಯ ಕಟ್ಟಡವೊಂದರ ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ನೆಗಿಶಿ ಯಾಸುಯೊ ಅನ್ನಕ್ಕಿಟ್ಟು, ರೇಡಿಯೊ ಹಾಕಿ, ಮೇಜಿನ ಮುಂದೆ ಕೂರುತ್ತಾರೆ. ವಾರ್ತೆ ಓದುವವನ ದನಿ ಶುರುವಾಗುತ್ತಲೇ ಅವರ ಪೆನ್ಸಿಲು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಓಡತೊಡಗುತ್ತದೆ. ಗೆರೆ, ಕೊಂಡಿ, ಚುಕ್ಕಿ, ಮತ್ತೆ ಗೆರೆ. ಇರುವೆಯೊಂದು ಮಸಿಯಲ್ಲಿ ಕಾಲದ್ದಿ ನಡೆದುಹೋದಂತೆ ಕಾಣುತ್ತದೆ. ಮಿಸೊ ಸಾರು ಕುದಿ ಬರುವ ಹೊತ್ತಿಗೆ ಎರಡು ತಿಂಗಳ ಹಾಳೆಗಳ ಬೆನ್ನು ತುಂಬಿರುತ್ತದೆ.

"ಇದು ಕೈಗೆ ತಿಂಡಿ. ನನಗಿಂತ ಮೊದ್ಲು ಅದಕ್ಕೆ ಹಾಕ್ಬೇಕು. ಇಲ್ಲಾಂದ್ರೆ ಹತ್ತು ಗಂಟೆ ಹೊತ್ತಿಗೆ ಮುನಿಸ್ಕೊಂಡು ಕೂತ್ಬಿಡುತ್ತೆ," ಎನ್ನುತ್ತಾರೆ.

ಯಾಸುಯೊ ಸಂಸತ್ತಿನ ಶೀಘ್ರಲಿಪಿಗಾರ್ತಿ. ವಯಸ್ಸು ಐವತ್ತೊಂಬತ್ತು. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಅವರು ಕಲಿತ ತರಬೇತಿ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಅವರ ಲಿಪಿಯನ್ನು ಓದಬಲ್ಲವರು ಇನ್ನು ಬೆರಳೆಣಿಕೆಯಷ್ಟು ಮಂದಿ. ಇಬ್ಬಿಬ್ಬರ ಜೋಡಿ, ಐದೈದು ನಿಮಿಷದ ಪಾಳಿ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಯಾರು ಕೂಗಿದರು, ಯಾರು ಎದ್ದರು ಎಂದು ನೋಡುತ್ತಾರೆ. ನಿಮಿಷಕ್ಕೆ ಮುನ್ನೂರೈವತ್ತು ಅಕ್ಷರ. ಆ ಐದು ನಿಮಿಷವನ್ನು ಬಿಡಿಸಿ ಬರೆಯಲು ಒಂದು ಗಂಟೆ. ಮೂವತ್ತೆಂಟು ವರ್ಷ ಇದೇ ಲೆಕ್ಕ. ಈಗ ಹೆಚ್ಚಿನ ಸಮಿತಿಗಳಲ್ಲಿ ಯಂತ್ರವೇ ಕೇಳಿಸಿಕೊಂಡು ಅಕ್ಷರ ಮಾಡುತ್ತದೆ. ಆದರೂ ಚರ್ಚೆ ಕಗ್ಗಂಟಾದಾಗ ಅಧ್ಯಕ್ಷರ ಬಾಯಲ್ಲಿ ಬರುವುದು ಹಳೆಯ ಮಾತೇ: "ಶೀಘ್ರಲಿಪಿ ನಿಲ್ಲಿಸಿ." ಆ ಮಾತು ಬಿದ್ದೊಡನೆ ಪೆನ್ಸಿಲು ಕಾಗದದಿಂದ ಒಂದಂಗುಲ ಮೇಲೇಳಬೇಕು. ಮತ್ತೆ "ಶುರುಮಾಡಿ" ಎನ್ನುವವರೆಗೆ ಪಾಳಿಯೂ ಬದಲಾಗುವುದಿಲ್ಲ, ಅಲ್ಲಿ ಆಡಿದ ಮಾತು ಯಾರೂ ಆಡದ ಮಾತು.

ಸಮಿತಿಯ ದಿನ ಬೆಳಿಗ್ಗೆಯೇ ಯಾಸುಯೊ ಅಂದು ಪದೇ ಪದೇ ಬರಬಹುದಾದ ಪದಗಳಿಗೆ ಚುಟುಕು ಗುರುತುಗಳನ್ನು ಹೊಂದಿಸಿಟ್ಟುಕೊಳ್ಳುತ್ತಾರೆ. ಹನ್ನೊಂದು ವರ್ಷದ ಹಿಂದಿನ ಒಂದು ಬೆಳಿಗ್ಗೆ ಹೀಗೆ ಹೊಂದಿಸಿದ್ದು 'ಹೊರಗುತ್ತಿಗೆ'ಗೆ ಗಾಳದ ಆಕಾರದ ಒಂದು ಗುರುತು. ಒಂದು ಇಲಾಖೆ ತನ್ನ ಕೆಲಸಗಳನ್ನು ಹೊರಗಿನವರಿಗೆ ವಹಿಸಿ ಮಾಡಿದ ಖರ್ಚನ್ನು ಲೆಕ್ಕಪರಿಶೀಲನಾ ಸಮಿತಿ ಅಂದು ವಿಚಾರಿಸುವುದಿತ್ತು. ಕೆಲಸ ಪಡೆದ ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸಿದ್ದರೆ ಎರಡು ಗಾಳ, ಅದು ಮತ್ತೊಂದಕ್ಕೆ ದಾಟಿಸಿದ್ದರೆ ಮೂರು. ಕಾಗದ ಓದುತ್ತಾ ಹೋದರೆ ನಾಲ್ಕು ಗಾಳ ಬೇಕಾಯಿತು. ಜೋಡಿಯಾಗಿ ಕೂರುತ್ತಿದ್ದ ಒಗಿನೊ ಅದನ್ನು ನೋಡಿ ನಕ್ಕಿದ್ದರು.

"ಇದೇನ್ರೀ ಯಾಸುಯೊ-ಸಾನ್, ಮೀನು ಹಿಡಿಯೋಕೆ ಹೊರಟಿದ್ದೀರಾ?"

"ಹಿಡಿಯೋರು ಸಮಿತಿಯೋರು. ನಾನು ಗಾಳ ಬರೀತೀನಿ ಅಷ್ಟೆ."

ನಾಲ್ಕನೇ ಗಾಳದ ತುದಿಯಲ್ಲಿ ಒಂದು ಕೋಣೆಯಿತ್ತು. ಕಷ್ಟದಲ್ಲಿರುವ ತಾಯಂದಿರು ಕರೆ ಮಾಡಲೆಂದು ಇಲಾಖೆ ತೆರೆದ ಸಹಾಯವಾಣಿಯ ಕೋಣೆ. ಅಲ್ಲಿ ಆರು ಜನ ಹೆಂಗಸರು. ಹಿಂದಿನ ಚಳಿಗಾಲ ಕೈಗೂಸಿನ ತಾಯಿಯೊಬ್ಬಳು ಹತ್ತೊಂಬತ್ತು ಸಲ ಕರೆ ಮಾಡಿದರೂ ಯಾರೂ ಎತ್ತಿರಲಿಲ್ಲ. ಸುದ್ದಿ ಪತ್ರಿಕೆಗೆ ಬಂತು. ಸಿಬ್ಬಂದಿ ಕುರ್ಚಿ ಬಿಟ್ಟು ಎದ್ದುಹೋಗಿದ್ದರು ಎಂದು ಇಲಾಖೆ ಹೇಳಿಕೆ ಕೊಟ್ಟಿತು. ಆರು ಜನರ ಕೆಲಸ ಹೋಯಿತು.

ಸಮಿತಿಯಲ್ಲಿ ಕುಜಿರಾಯಿ ಎಂಬ ಸದಸ್ಯೆ ನೇರವಾಗಿ ಕೇಳಿದರು: "ಆ ದಿನಗಳಲ್ಲಿ ಆ ಕೋಣೆಯಲ್ಲಿ ಎಷ್ಟು ಫೋನುಗಳಿದ್ದವು?" ಇಲಾಖೆಯ ಹಿರಿಯ ಅಧಿಕಾರಿ ಕಾಗದ ಮಗುಚಿದ, ಹಿಂದೆ ಕೂತವರ ಕಡೆ ತಿರುಗಿದ, ಮತ್ತೆ ಮಗುಚಿದ. ಅಧ್ಯಕ್ಷರು ಶೀಘ್ರಲಿಪಿ ನಿಲ್ಲಿಸಿದರು. ಸದಸ್ಯೆಯೂ ಅಧಿಕಾರಿಯೂ ಎದ್ದು ಅಧ್ಯಕ್ಷರ ಮೇಜಿನ ಬಳಿ ತಲೆಗೆ ತಲೆ ತಾಗಿಸಿ ನಿಂತರು. ಆ ಮೇಜಿನ ಮುಂದೆಯೇ, ಒಂದು ಮೊಳದ ಅಂತರದಲ್ಲಿ, ಯಾಸುಯೊ ಪೆನ್ಸಿಲು ಎತ್ತಿ ಹಿಡಿದು ಕೂತಿದ್ದರು.

"ಸೆನ್ಸೈ," ಎಂದು ಸದಸ್ಯೆಯನ್ನು ಗೌರವದಿಂದ ಕರೆದು, "ಅದೊಂದನ್ನ ಕೇಳ್ಬೇಡಿ," ಎಂದ ಅಧಿಕಾರಿ. "ಆ ಹೆಂಗಸರು ಎದ್ದಿರ್ಲಿಲ್ಲ. ಆರು ಫೋನಲ್ಲಿ ನಾಲ್ಕನ್ನ ತೆಗೆಸಿದ್ದೇ ನಾವು, ಉಳಿದೆರಡಕ್ಕೆ ಬಿಡುವೇ ಇರ್ಲಿಲ್ಲ. ಖರ್ಚು ಇಳಿಸ್ಬೇಕಿತ್ತು."

"ಮತ್ತೆ ಪತ್ರಿಕೆಗೆ ಹಾಗೆ ಹೇಳಿದ್ರಲ್ಲ?"

"ಹೇಳಿ ಆಗೋಯ್ತು. ಮುಂದಿನ ವರ್ಷ ಎಂಟು ಫೋನ್ ಹಾಕಿಸ್ತೀನಿ. ಇಲ್ಲಿಗೆ ಬಿಟ್ಬಿಡಿ."

ಕುಜಿರಾಯಿ ತಮ್ಮ ಪ್ರಶ್ನೆಯ ಹಾಳೆ ಮಡಚಿದರು. "ಹತ್ತು," ಎಂದರು. "ಹತ್ತು ಕೊಡಿ."

ಆಗ ಮೂವತ್ತೆಂಟು ವರ್ಷದ ನೌಕರಿಯಲ್ಲೇ ಒಂದೇ ಒಂದು ಸಲ ಆದ ತಪ್ಪು ನಡೆಯಿತು. ಎತ್ತಿದ್ದ ಕೈ ತಾನಾಗಿ ಇಳಿದು 'ಆ ಹೆಂಗಸರು ಎದ್ದಿರಲಿಲ್ಲ' ಎಂಬುದನ್ನು ಬರೆದುಬಿಟ್ಟಿತ್ತು. ಒಗಿನೊ ಮೊಣಕೈಯಿಂದ ತಿವಿದರು. ಯಾಸುಯೊ ಕೆಂಪಾಗಿ, ರಬ್ಬರು ತೆಗೆದು ಉಜ್ಜಿದರು. ಏಳು ನಿಮಿಷದ ಮೇಲೆ ಶೀಘ್ರಲಿಪಿ ಮತ್ತೆ ಶುರುವಾಯಿತು. "ವಿವರ ಪರಿಶೀಲನೆಯಲ್ಲಿದೆ," ಎಂದ ಅಧಿಕಾರಿ. "ಮುಂದಿನ ಪ್ರಶ್ನೆಗೆ ಹೋಗುತ್ತೇನೆ," ಎಂದರು ಸದಸ್ಯೆ. ಇವೆರಡೂ ಅಚ್ಚಾದವು.

"ಕುಜಿರಾಯಿ-ಸೆನ್ಸೈ ಮಾಡಿದ್ದು ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ. ಹತ್ತು ಫೋನು ಬಂದ್ವು, ನಿಜವಾಗ್ಲೂ ಬಂದ್ವು. ಆದ್ರೆ ಹತ್ತು ಫೋನಿಗೆ ಬದಲಾಗಿ ಏನು ಕೊಟ್ರು ಅನ್ನೋದು ಗೊತ್ತಿದ್ದವರಲ್ಲಿ ನಾನೂ ಒಬ್ಳು," ಎನ್ನುತ್ತಾರೆ ಯಾಸುಯೊ.

ಆ ಆರು ಜನರಲ್ಲಿ ಒಬ್ಬಾಕೆ ಶಿರೊತಾ ಕಿಕುಯೊ ಅಂದು ವೀಕ್ಷಕರ ಸಾಲಿನಲ್ಲಿ ಕೂತಿದ್ದರು. ತಲೆಗಳು ಕೂಡಿದ್ದು ಕಂಡಿತ್ತು, ಮಾತು ಕೇಳಿರಲಿಲ್ಲ. ಸಂಜೆ ನೌಕರರ ಬಾಗಿಲಲ್ಲಿ ಕಾದು ನಿಂತರು. "ನೀವು ಹತ್ರಾನೇ ಇದ್ರಿ. ನಮ್ಮ ಬಗ್ಗೆ ಏನಂದ್ರು? ಅಷ್ಟು ಹೇಳಿ ಸಾಕು." ಯಾಸುಯೊ ಬಾಗಿ ವಂದಿಸಿ, "ದಾಖಲೆ ಬರುತ್ತೆ, ನೋಡಿ," ಎಂದರು. ಶಿರೊತಾ ಚೀಟಿಯೊಂದರಲ್ಲಿ ತಮ್ಮ ವಿಳಾಸ ಗೀಚಿ ಅವರ ಕೈಗೆ ತುರುಕಿ ಹೋದರು.

ಹೇಳದಂತೆ ತಡೆದದ್ದು ಕಾನೂನಲ್ಲ ಎಂದು ಯಾಸುಯೊ ಒಪ್ಪಿಕೊಳ್ಳುತ್ತಾರೆ. ಅದು ಗುಟ್ಟಿನ ಸಭೆಯೇನೂ ಆಗಿರಲಿಲ್ಲ. ಪೆನ್ಸಿಲು ಎತ್ತಿದ ಮೇಲೆ ಕೇಳಿದ್ದು ನಿಮ್ಮದಲ್ಲ ಎಂದು ಶಾಲೆಯಲ್ಲಿ ಮೊದಲ ವಾರವೇ ಕಲಿಸಿದ್ದರು, ಅವರು ಅದನ್ನು ತೀರಾ ಚೆನ್ನಾಗಿ ಕಲಿತರು. ಎಷ್ಟು ಚೆನ್ನಾಗಿ ಎಂದರೆ ಮನೆಯಲ್ಲೂ ಅದೇ ಆಯಿತು. ಗಂಡನ ಗೊಣಗಾಟ, ಅತ್ತೆಯ ಕುಹಕ ಎಲ್ಲವನ್ನೂ ಕೇಳಿಸಿಕೊಂಡರು, ಯಾವುದಕ್ಕೂ ಮಾತು ಹಿಂದಿರುಗಿಸಲಿಲ್ಲ. ಮದುವೆಯಾಗಿ ಹೊರಡುವ ದಿನ ಮಗಳು ಅಂದಳಂತೆ: "ಅಮ್ಮ, ನಿನ್ನಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ. ಆದ್ರೆ ಗೋಡೆ ಜೊತೆ ಮಾತಾಡಿದ್ರೂ ಒಂದಿಷ್ಟು ದನಿ ವಾಪಸ್ ಬರುತ್ತೆ." ಹೆಣ್ಣೊಬ್ಬಳ ಮೌನವನ್ನು ಜನ ಸಮಾಧಾನವೆಂದು ಎಷ್ಟು ಸುಲಭವಾಗಿ ಕರೆದುಬಿಡುತ್ತಾರೆ! ಯಾಸುಯೊ ಕೂಡ ಹಾಗೇ ಕರೆದುಕೊಂಡಿದ್ದರು.

ಈ ಫೆಬ್ರವರಿಯಲ್ಲಿ ಅದೇ ಇಲಾಖೆಯ ಹೊರಗುತ್ತಿಗೆ ಖರ್ಚು ಮತ್ತೆ ಸಮಿತಿಗೆ ಬಂತು. ಪಾಳಿ ಯಾಸುಯೊ ಅವರದೇ. ಎಳೆಯ ಅಧಿಕಾರಿಯೊಬ್ಬ ಎದ್ದು ಓದಿದ: "ಹನ್ನೊಂದು ವರ್ಷದ ಹಿಂದೆ ಹೊರಗಿನ ಸಿಬ್ಬಂದಿಯ ಅಲಕ್ಷ್ಯದಿಂದ ಕರೆಗಳು ತಪ್ಪಿಹೋಗಿದ್ದವು. ಈಗ ಪರಿಸ್ಥಿತಿ ಸುಧಾರಿಸಿದೆ." 'ಅಲಕ್ಷ್ಯ' ಎಂಬ ಪದವನ್ನು ಯಾಸುಯೊ ತಮ್ಮ ಕೈಯಾರೆ ಬರೆದರು.

"ಆ ಹುಡುಗ ಸುಳ್ಳು ಹೇಳ್ತಿರ್ಲಿಲ್ಲ," ಎನ್ನುತ್ತಾರೆ. "ನಾವು ಏನು ಉಳಿಸಿಟ್ಟಿದ್ವೋ ಅದನ್ನೇ ಓದ್ತಿದ್ದ."

ಆ ಭಾನುವಾರ ನಿಘಂಟಿನೊಳಗಿಂದ ಶಿರೊತಾ ಕೊಟ್ಟಿದ್ದ ಚೀಟಿ ತೆಗೆದು ಅವರು ಅಕಾಬಾನೆಗೆ ಹೋದರು. ಸಾಲಂಗಡಿಗಳ ನಡುವೆ ಆಲೂಗಡ್ಡೆ ವಡೆಯಂಥ 'ಕೊರೊಕ್ಕೆ' ಕರಿಯುವ ಪುಟ್ಟ ಅಂಗಡಿ. ಎಣ್ಣೆಯ ಮುಂದೆ ಶಿರೊತಾ.

"ನಾನು…" ಎಂದು ಯಾಸುಯೊ ಶುರುಮಾಡಿದರು.

"ಗೊತ್ತು. ಪೆನ್ಸಿಲಮ್ಮ." ಶಿರೊತಾ ಜಾಲರಿ ಎತ್ತಿ ಎಣ್ಣೆ ಸೋರಿಸುತ್ತಲೇ ಅಂದರು. "ದಾಖಲೆ ನೋಡಿ ಅಂದಿದ್ರಿ. ನೋಡಿದೆ ಕಣ್ರೀ. 'ಶೀಘ್ರಲಿಪಿ ಸ್ಥಗಿತ' ಅಂತ ಒಂದು ಸಾಲು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ಲಾ ಅಂದ್ಕೊಂಡೆ."

ಯಾಸುಯೊ ನಿಂತಲ್ಲೇ ಆ ಏಳು ನಿಮಿಷವನ್ನು ಒಪ್ಪಿಸಿದರು. ಅಧಿಕಾರಿಯ ಮಾತು, ಸದಸ್ಯೆಯ ಮಾತು, ನಡುವಿನ ಕೆಮ್ಮು ಸಹಿತ. ಶಿರೊತಾ ಒಲೆ ಆರಿಸಿದರು.

"'ಎದ್ದಿರ್ಲಿಲ್ಲ' ಅಂತಾನೇ ಅಂದ್ನಾ? ಅದೇ ಮಾತಾ?"

"ಅದೇ ಮಾತು."

ಅಂಗಡಿಯ ಮುಂದೆ ನಿಂತಿದ್ದ ಮುದುಕ "ಎರಡು ಕೊರೊಕ್ಕೆ" ಎಂದ. ಶಿರೊತಾಗೆ ಕೇಳಿಸಲಿಲ್ಲ.

"ಹನ್ನೊಂದು ವರ್ಷ ಬೇಕಾಯ್ತಾ ನಿಮಗೆ, ಆ ಪೆನ್ಸಿಲ್ ಕೆಳಗಿಡೋಕೆ?"

ಯಾಸುಯೊ ಸೊಂಟದವರೆಗೆ ಬಾಗಿದರು. ಬಹಳ ಹೊತ್ತು ಮೇಲೇಳಲಿಲ್ಲ. ಕೊನೆಗೆ "ಬರೆದುಕೊಡ್ಲಾ? ಸಹಿ ಹಾಕಿ ಕೊಡ್ತೀನಿ," ಎಂದು ಚೀಲಕ್ಕೆ ಕೈ ಹಾಕಿದರು.

"ಕಾಗದ ಬೇಡ. ಕಾಗದ ನೋಡಿ ಸಾಕಾಗಿದೆ ನಂಗೆ." ಶಿರೊತಾ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. "ನಾವು ಆರು ಜನ ಇದ್ವಿ. ಮಿನಾಮಿ ಹೋಗ್ಬಿಟ್ಲು, ಹೋದ ವರ್ಷ. ಎಲ್ರೂ ಹೇಳಿ ಹೇಳಿ ಕೊನೆಗೆ ಅವಳಿಗೇ ಅನುಮಾನ ಹತ್ತಿತ್ತು, ಅವತ್ತು ನಾನು ಎದ್ದು ಹೋಗಿದ್ನೇನೋ ಅಂತ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು, 'ಕಿಕು-ಚಾನ್, ನಾನು ಕೂತೇ ಇದ್ದೆ ತಾನೇ?' ಅಂತ. ನಾನು ಹೌದು ಅಂದೆ. ನನ್ನ ಮಾತು ಅವಳು ನಂಬಲಿಲ್ಲ. ಅವಳನ್ನ ಸಮಾಧಾನ ಮಾಡ್ತಿದ್ದೀನಿ ಅಂದ್ಕೊಂಡ್ಲು." ಜಾಲರಿ ಬದಿಗಿಟ್ಟು, "ಇನ್ನು ನಾಲ್ಕು ಜನ ಇದ್ದಾರೆ. ಹೋಗಿ ಹೇಳಿ. ಬಾಯಲ್ಲೇ ಹೇಳಿ. ಅವನು ಹೇಳಿದ ಹಾಗೇ, ಒಂದಕ್ಷರ ಆಚೀಚೆ ಮಾಡ್ದೆ," ಎಂದರು.

ಯಾಸುಯೊ ಈವರೆಗೆ ಒಂದು ಮನೆಗೆ ಹೋಗಿಬಂದಿದ್ದಾರೆ, ಕವಾಗುಚಿಯಲ್ಲಿ. ಆ ಹೆಂಗಸು ಒಣಗಿದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿದಳು. ಕೇಳಿ ಮುಗಿದ ಮೇಲೆ ಒಳಗೆ ತಿರುಗಿ ಗಂಡನನ್ನು ಕೂಗಿದಳು: "ರೀ, ಇಲ್ಲಿ ಬನ್ನಿ. ಇವ್ರು ಇನ್ನೊಂದ್ಸಲ ಹೇಳ್ತಾರೆ." ಯಾಸುಯೊ ಇನ್ನೊಂದು ಸಲ ಹೇಳಿದರು. ಗಂಡ ಹೆಂಡತಿಯ ಕೈಯಿಂದ ಬುಟ್ಟಿ ಇಸಿದುಕೊಂಡ.

ಇನ್ನು ಮೂವರು. ಒಬ್ಬಾಕೆ ನಿಗಾತಾದಲ್ಲಿ, ಒಬ್ಬಾಕೆ ಸೆಂದಾಯಿಯಲ್ಲಿ. ಇನ್ನೊಬ್ಬಳ ವಿಳಾಸ ಸಿಕ್ಕಿಲ್ಲ, ಶಿರೊತಾ ಹುಡುಕುತ್ತಿದ್ದಾರೆ. ಏಪ್ರಿಲ್ ಒಂದರ ಬೆಳಗಿನ ರೈಲಿಗೆ ಯಾಸುಯೊ ಆಗಲೇ ಟಿಕೆಟ್ ತೆಗೆದಿದ್ದಾರೆ.

ನಿವೃತ್ತಿಯ ಮೇಲೆ ಬೇರೇನು ಆಸೆ ಎಂದು ಕೇಳಿದರೆ ಅವರು ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸುತ್ತಾರೆ.

"ಬರೆದದ್ದನ್ನ ನಾನು ಮರೆತ್ರೂ ನಡೆಯುತ್ತೆ, ಅದು ಕಪಾಟಲ್ಲಿ ಇರುತ್ತೆ. ಇದು ಇರೋದು ಕಿವೀಲಿ. ವಯಸ್ಸು ಬೇರೆ ಆಯ್ತು. ಆ ಮೂರು ಮನೆ ಮುಟ್ಟೋವರೆಗೂ ಒಂದು ಪದಾನೂ ಉದುರದೆ ಇದ್ರೆ ಸಾಕು."